ಗೆರೆ ಎಳೆದರೆ ಕೆರೆ ಉಳಿದೀತೆ?

ಜೌಗು ಪ್ರದೇಶಗಳ ಬಗ್ಗೆ ಎಲ್ಲಿ ಸಭೆ ನಡೆದರೂ ಒಂದು ಮಾತಿಗೆ ಎಲ್ಲರೂ ತಲೆದೂಗುತ್ತಾರೆ. ಪ್ರಕೃತಿಯೂ ಉಳಿಯಬೇಕು, ರೈತರೂ ಬದುಕಬೇಕು, ಎರಡರ ನಡುವೆ ಸಮತೋಲನ ಬೇಕು. ಅಧಿಕಾರಿಯೂ ಇದನ್ನೇ ಹೇಳುತ್ತಾರೆ, ಪರಿಸರವಾದಿಯೂ ಇದನ್ನೇ ಹೇಳುತ್ತಾರೆ, ಶಾಸಕರೂ ಇದನ್ನೇ ಹೇಳುತ್ತಾರೆ. ಇಷ್ಟು ಬೇರೆ ಬೇರೆ ಜನ ಇಷ್ಟು ಸಲೀಸಾಗಿ ಒಪ್ಪುವ ಮಾತಿನಲ್ಲಿ ಏನೋ ಐಬು ಇರಬೇಕು ಅಂತ ಅನುಮಾನಪಡುವುದು ಒಳ್ಳೆಯದು. ಐಬು ಇದೆ. ಭಾಷಣ ಮುಗಿದ ಮೇಲೆ ಮೇಜಿನ ಮೇಲೆ ನಕ್ಷೆ ಬಿಚ್ಚುತ್ತಾರೆ, ನಕ್ಷೆಯ ಮೇಲೆ ಒಂದು ಗೆರೆ ಬೀಳುತ್ತದೆ. ಗೆರೆಯ ಈಚೆ ಹಕ್ಕಿಗೆ, ಆಚೆ ನೇಗಿಲಿಗೆ. ಅಣ್ಣತಮ್ಮಂದಿರು ಜಗಳವಾಡಿ ಮನೆಗೆ ಹಿಸ್ಸೆ ಹಾಕಿಕೊಂಡ ಹಾಗೆ. ಆಮೇಲಿನ ಜಗಳವೆಲ್ಲ ಗೆರೆ ಹತ್ತು ಮಾರು ಆಚೆ ಬೀಳಬೇಕೋ ಈಚೆ ಬೀಳಬೇಕೋ ಎಂಬುದರ ಬಗ್ಗೆ. ಹಿಸ್ಸೆ ಹಾಕುವಂಥ ಮನೆಯೇ ಇದು ಅಂತ ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ಹಿಸ್ಸೆ ಹಾಕುವಂಥದ್ದಲ್ಲ ಎನ್ನುವುದು ನನ್ನ ವಾದ. ನಾವು ಇಂದು ಜೌಗು ಅಂತ ಕರೆದು ಕಾಪಾಡಲು ಹೊರಟಿರುವ ಜಾಗಗಳಲ್ಲಿ ಹೆಚ್ಚಿನವು ಬೇಸಾಯದ ಕೈಯಿಂದಲೇ ಹುಟ್ಟಿ, ಬೇಸಾಯದ ಕೆಲಸದಿಂದಲೇ ಉಳಿದು ಬಂದವು. ಕೆಲಸ ನಿಂತರೆ ಜೌಗೂ ಹೋಗುತ್ತದೆ. ಉಳಿಯುವುದು ನಕ್ಷೆ.

ಕರ್ನಾಟಕದ ರಾಮ್ಸಾರ್ ತಾಣಗಳನ್ನೇ, ಅಂದರೆ ಅಂತರರಾಷ್ಟ್ರೀಯ ಮಹತ್ವದ್ದೆಂದು ಪಟ್ಟಿಯಾದ ಜೌಗುಗಳನ್ನೇ ನೋಡಿ. 2022ರಲ್ಲಿ ರಂಗನತಿಟ್ಟು ಪಟ್ಟಿಗೆ ಸೇರಿತು. 2024ರ ಜನವರಿ ಕೊನೆಯಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಸೇರಿದವು. ಅಂಕಸಮುದ್ರ ಶತಮಾನಗಳ ಹಿಂದೆ ಊರವರಿಗೆ ಗದ್ದೆ ನೀರು ಬೇಕಾಗಿ ಕಟ್ಟಿದ ಕೆರೆ. ಮಾಗಡಿ ಕೆರೆಯೂ ನೀರಾವರಿಗೆಂದೇ ಕಟ್ಟಿದ್ದು. ಐವತ್ತು ಹೆಕ್ಟೇರಿನಷ್ಟು ಸಣ್ಣ ಕೆರೆ, ಆದರೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಸಾವಿರಗಟ್ಟಲೆ ಇಲ್ಲಿಗೇ ಬರುತ್ತವೆ. ಅವು ಕೆರೆಯಲ್ಲಿ ತಂಗುತ್ತವೆ, ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ರಂಗನತಿಟ್ಟಿನ ನಡುಗಡ್ಡೆಗಳ ಕಥೆಯೂ ಬೇರೆಯಲ್ಲ: ಹದಿನೇಳನೆಯ ಶತಮಾನದಲ್ಲಿ ಕಾಲುವೆಗೆ ನೀರು ತಿರುಗಿಸಲು ಕಾವೇರಿಗೆ ಕಟ್ಟಿದ ಅಣೆಯಿಂದ ಅವು ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿ 1940ರಲ್ಲಿ ಮೈಸೂರು ಮಹಾರಾಜರ ಮನವೊಲಿಸಿ ಅದನ್ನು ಪಕ್ಷಿಧಾಮ ಮಾಡಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನ ಮುನ್ನೂರು ವರ್ಷ ಆ ಅಣೆಯನ್ನು ದುರಸ್ತಿಯಲ್ಲಿಟ್ಟವರು ಯಾರು ಅಂತ ಪಕ್ಷಿಧಾಮದ ಫಲಕದಲ್ಲಿ ಬರೆಯುವ ರೂಢಿ ನಮ್ಮಲ್ಲಿಲ್ಲ.

ಕಾನೂನಿನ ಅವಸ್ಥೆ ಇನ್ನೂ ಸೊಗಸು. ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶ ನಿಯಮಗಳು ಜೌಗು ಎಂದರೇನು ಅಂತ ಹೇಳುತ್ತಲೇ ಯಾವುದು ಜೌಗು ಅಲ್ಲ ಎಂದೂ ಹೇಳುತ್ತವೆ. ನದಿಯ ಪಾತ್ರ ಅಲ್ಲ, ಭತ್ತದ ಗದ್ದೆ ಅಲ್ಲ, ಕುಡಿಯುವ ನೀರಿಗೆ ಕಟ್ಟಿದ ಕೆರೆ ಅಲ್ಲ, ಮೀನು ಸಾಕಣೆಗೆ, ಉಪ್ಪು ತಯಾರಿಗೆ, ವಿಹಾರಕ್ಕೆ, ನೀರಾವರಿಗೆ ಎಂದೇ ಕಟ್ಟಿದ ರಚನೆಗಳೂ ಅಲ್ಲ. ಅಂದರೆ ಮನುಷ್ಯ ದುಡಿದ ಜಾಗವೆಲ್ಲ ಹೊರಗೆ. ಈ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದರೆ ಬಯಲುಸೀಮೆಯ ಕೆರೆಗಳಲ್ಲಿ ಎಷ್ಟು ಒಳಗೆ ಉಳಿದಾವು? ಅಂಕಸಮುದ್ರಕ್ಕೂ ಮಾಗಡಿಗೂ ನೆರಳು ಸಿಕ್ಕಿದ್ದು ಈ ನಿಯಮದಿಂದಲ್ಲ, ವನ್ಯಜೀವಿ ಕಾಯ್ದೆಯಡಿ ಸಂರಕ್ಷಣಾ ಮೀಸಲು ಎಂಬ ಬೇರೆ ಬಾಗಿಲಿನಿಂದ. ಸುಪ್ರೀಂ ಕೋರ್ಟ್ 2017ರಲ್ಲಿ ದೇಶದ 2,01,503 ಜೌಗುಗಳನ್ನು ಕಾಪಾಡಿ ಅಂತ ಹೇಳಿದಾಗ ಲೆಕ್ಕಕ್ಕೆ ಹಿಡಿದದ್ದು ಉಪಗ್ರಹಕ್ಕೆ ಕಂಡ, 2.25 ಹೆಕ್ಟೇರಿಗಿಂತ ದೊಡ್ಡದಾದ ನೀರಿನ ಜಾಗಗಳನ್ನು. ಉಪಗ್ರಹಕ್ಕೆ ನೀರು ಕಾಣುತ್ತದೆ, ತೂಬು ಎತ್ತುವವನು ಕಾಣುವುದಿಲ್ಲ.

ಗೆರೆಯ ವಾದ ಎಲ್ಲಿ ಸರಿಯಾಗಿ ಪರೀಕ್ಷೆಗೆ ನಿಂತಿತು ಎಂದರೆ ರಾಜಸ್ಥಾನದ ಭರತಪುರದಲ್ಲಿ. ಕೇವಲಾದೇವ ಉದ್ಯಾನ ಎಂದು ಲೋಕಪ್ರಸಿದ್ಧವಾದ ಆ ಜೌಗು ಹದಿನೆಂಟನೆಯ ಶತಮಾನದ ಅಜಾನ್ ಒಡ್ಡಿನ ನೀರಿನಿಂದ ಬೆಳೆದದ್ದು. ಮಹಾರಾಜರ ಬಾತು ಬೇಟೆಯ ಕಾಲದಲ್ಲೂ ಸುತ್ತಲ ಹಳ್ಳಿಗಳ ಎಮ್ಮೆಗಳು ಅಲ್ಲಿ ಮೇಯುತ್ತಿದ್ದವು. (1938ರ ಒಂದೇ ದಿನ ವೈಸರಾಯ್ ಲಿನ್‌ಲಿತ್‌ಗೋ ಪರಿವಾರ 4,273 ಹಕ್ಕಿಗಳನ್ನು ಹೊಡೆದುರುಳಿಸಿತು. ಅದು ಬೇಟೆ, ಎಮ್ಮೆ ಮೇಯಿಸಿದರೆ ಮಾತ್ರ ಹಾನಿ.) ರಾಷ್ಟ್ರೀಯ ಉದ್ಯಾನವಾದ ಮೇಲೆ, 1982ರಲ್ಲಿ ಮೇವು ನಿಷೇಧವಾಯಿತು. ಹಳ್ಳಿಯವರು ಪ್ರತಿಭಟಿಸಿದಾಗ ಗೋಲೀಬಾರಾಗಿ ಜನ ಸತ್ತರು. ಆಮೇಲೆ ಏನಾಯಿತು? ಎಮ್ಮೆಗಳಿಲ್ಲದ ಜೌಗಿನಲ್ಲಿ ಹುಲ್ಲು ಮಿತಿಮೀರಿ ಬೆಳೆದು ತೆರೆದ ನೀರನ್ನು ಮುಚ್ಚಿತು, ಹಕ್ಕಿಗಳಿಗೇ ಜಾಗ ಕಡಿಮೆಯಾಯಿತು. ಇದನ್ನು ಹೇಳಿದ್ದು ರೈತ ಸಂಘವಲ್ಲ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಅದರ ವಿಜ್ಞಾನಿ ವಿಜಯನ್ ಮತ್ತು ಸಂಗಡಿಗರು ವರ್ಷಗಟ್ಟಲೆ ಕೂತು ಮಾಡಿದ ಅಧ್ಯಯನ 1991ರಲ್ಲಿ ಬಂತು. ಎಮ್ಮೆಗಳು ಆ ಜೌಗಿನ ವ್ಯವಸ್ಥೆಯ ಒಂದು ಭಾಗ ಎಂದು ಅದು ತೋರಿಸಿತು. ಕಡೆಗೆ ಅದೇ ಹಳ್ಳಿಗಳವರನ್ನು ಹುಲ್ಲು ಕೊಯ್ಯಲು ಒಳಗೆ ಬಿಡಬೇಕಾಯಿತು.

ಭರತಪುರದಲ್ಲಿ ಗೆರೆ ಬರೀ ನಕ್ಷೆಯ ಗೆರೆಯಲ್ಲ, ಕಲ್ಲಿನ ಗೋಡೆ. ಆ ಗೋಡೆಯೂ ನೀರನ್ನು ಕಾಯಲಿಲ್ಲ. ನೀರು ಹರಿದುಬರುವ ಮೇಲ್ಭಾಗದ ಕರೌಲಿ ಜಿಲ್ಲೆಯಲ್ಲಿ ಪಾಂಚನಾ ಅಣೆಕಟ್ಟು ಬಂತು. 2004ರಲ್ಲಿ ಮಳೆ ಕೈಕೊಟ್ಟಾಗ ಅಲ್ಲಿನ ರೈತರು ಉದ್ಯಾನಕ್ಕೆ ನೀರು ಬಿಡಕೂಡದು ಅಂತ ಹಟ ಹಿಡಿದರು, ಉದ್ಯಾನ ಒಣಗಿತು. ಗೋಡೆಯೊಳಗೆ ಎಮ್ಮೆಗಳಿಗೆ ಅನುಮತಿ ಇರಲಿಲ್ಲ. ನೀರೂ ಇರಲಿಲ್ಲ.

ಇಷ್ಟಾದರೂ ಗೆರೆಯ ಮೋಹ ಬಿಟ್ಟಿಲ್ಲ. ನಮ್ಮಲ್ಲೇ ಗೆರೆಯ ಬುದ್ಧಿ ಪೂರ್ತಿ ಸೋಲುವ ಜಾಗ ಅಘನಾಶಿನಿ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಶಿರಸಿ ಸೀಮೆಯಲ್ಲಿ ಹುಟ್ಟಿ, ಘಟ್ಟ ಇಳಿದು, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಬಿದ್ದಿಲ್ಲ. ಭರತ ಏರಿದಾಗ ಉಪ್ಪುನೀರು ಹೊಳೆಯೊಳಗೆ ಬಹಳ ದೂರ ನುಗ್ಗುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ದಡದ ತಗ್ಗು ಗದ್ದೆಗಳಿಗೆ ಗಜನಿ ಅಂತ ಹೆಸರು. ಮಳೆಗಾಲ ಹಿಡಿದು ಸಿಹಿನೀರು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಬಿತ್ತುತ್ತಾರೆ. ಕಗ್ಗ ಭತ್ತ ಉಪ್ಪನ್ನೂ ತಡೆಯುತ್ತದೆ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದ್ದರೂ ತಡೆಯುತ್ತದೆ. ಅಂಗಡಿಯ ಗೊಬ್ಬರ, ಔಷಧಿ ಬೇಡ. ಮಳೆ ಮುಗಿದು ಕೊಯ್ಲಾದ ಮೇಲೆ ಒಡ್ಡಿನ ಹಲಗೆಗಳನ್ನು ತೆಗೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ ಮರಿ, ಮೀನು, ಏಡಿ ಬರುತ್ತವೆ. ಗದ್ದೆಯಲ್ಲೇ ಉಳಿದ ಕೂಳೆ ಕೊಳೆತು ಅವಕ್ಕೆ ಆಹಾರವಾಗುತ್ತದೆ, ಅವು ತಿಂದುಂಡು ಬಿಟ್ಟದ್ದು ಮುಂದಿನ ಕಗ್ಗಕ್ಕೆ ಗೊಬ್ಬರವಾಗುತ್ತದೆ. ನೀರಿಳಿದ ಕೆಸರಿಗೆ ಹಕ್ಕಿಗಳು ಇಳಿಯುತ್ತವೆ. ಪಕ್ಕದ ಅಳಿವೆಯ ಮರಳುದಿಬ್ಬಗಳಲ್ಲಿ ಹೆಂಗಸರು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ರಾಮ್ಸಾರ್ ದಾಖಲೆಯ ಪ್ರಕಾರ ಈ 4,801 ಹೆಕ್ಟೇರ್ ಅಳಿವೆಯಿಂದ ಆರು ಸಾವಿರದಿಂದ ಏಳೂವರೆ ಸಾವಿರ ಕುಟುಂಬಗಳ ಜೀವನ ನಡೆಯುತ್ತದೆ.

ಈಗ ಗೆರೆಯವರು ಹೇಳಲಿ. ಗಜನಿ ಕೃಷಿಭೂಮಿಯೋ ಜೌಗೋ? ಆಷಾಢದಲ್ಲಿ ಕೇಳಿದರೆ ಗದ್ದೆ, ಪುಷ್ಯದಲ್ಲಿ ಕೇಳಿದರೆ ಜೌಗು. ಒಂದೇ ಸರ್ವೆ ನಂಬರು, ಒಂದೇ ಪಹಣಿ. ಇಲ್ಲಿ ಹಂಚಿಕೊಂಡದ್ದು ಜಾಗವನ್ನಲ್ಲ, ತಿಂಗಳುಗಳನ್ನು. ಆ ಹಂಚಿಕೆ ತಪ್ಪದಂತೆ ನೋಡಿಕೊಂಡದ್ದು ಒಡ್ಡನ್ನು ಕಾಯುವ, ಹಲಗೆಯನ್ನು ಹಾಕಿ ತೆಗೆಯುವ ಕೆಲಸ.

ಈ ಕೆಲಸ ಹಾಳಾದದ್ದು ಹೇಗೆ ಎಂಬುದು ಸಮತೋಲನದ ಪ್ರವಚನಕಾರರು ಓದಲೇಬೇಕಾದ ಪಾಠ. ಮೊದಲು ಊರವರೇ ಸೇರಿ ಮಣ್ಣಿನ ಒಡ್ಡು ಹಾಕಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಶಾಶ್ವತ ಒಡ್ಡು ಕಟ್ಟಿಸಿತು. ಉದ್ದೇಶ ರೈತನ ಹಿತ, ಉಪ್ಪುನೀರು ತಡೆದು ಬೆಳೆ ಉಳಿಸುವುದು. ಒಡ್ಡು ಸರ್ಕಾರದ್ದಾದ ಮೇಲೆ ಅದರ ಬಿರುಕೂ ಸರ್ಕಾರದ್ದಾಯಿತು, ಊರವರ ಕೈ ಬಿಟ್ಟಿತು. ಅದರ ಹಿಂದೆಯೇ ಸಿಗಡಿಗೆ ರಫ್ತು ಬೆಲೆ ಬಂತು. ಗಜನಿಯನ್ನು ಸಿಗಡಿಗೆ ಗುತ್ತಿಗೆ ಕೊಟ್ಟರೆ ಕಗ್ಗದಿಂದ ಬರುವುದಕ್ಕಿಂತ ಹೆಚ್ಚು ದುಡ್ಡು. ಗುತ್ತಿಗೆದಾರನಿಗೆ ಬೇಕಾದದ್ದು ವರ್ಷಪೂರ್ತಿ ಉಪ್ಪುನೀರು. ಹಲಗೆ ಬೀಳಬೇಕಾದ ಕಾಲಕ್ಕೆ ಬೀಳದೆ ಹೋದರೆ ಮಳೆ ಬಂದರೂ ಗದ್ದೆಯ ಉಪ್ಪು ತೊಳೆಯುವುದಿಲ್ಲ, ಕಗ್ಗವೂ ಏಳುವುದಿಲ್ಲ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ವಲಯದ ಸಿಗಡಿ ಉದ್ದಿಮೆಗೆ ಕಡಿವಾಣ ಹಾಕಿತು, ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತು. ತೀರ್ಪು ಸರಿಯೇ. ಅಷ್ಟು ಹೊತ್ತಿಗೆ ಆ ಸಾಂಪ್ರದಾಯಿಕ ಪದ್ಧತಿಯ ಬೆನ್ನೆಲುಬಾದ ಭತ್ತವನ್ನು ಎಷ್ಟೋ ಗಜನಿಗಳು ಮರೆತಿದ್ದವು. ಮಾಣಿಕಟ್ಟದಂಥ ಕೆಲವು ಊರುಗಳಲ್ಲಿ ಜನ ಒಟ್ಟಾಗಿ ನಿಂತು ಕಗ್ಗ ಉಳಿಸಿಕೊಂಡಿದ್ದಾರೆ. ಬೇರೆಡೆ ಒಡ್ಡು ಒಡೆದು ಗದ್ದೆ ಬೀಳುಬಿದ್ದಿದೆ.

ಬೀಳು ಗಜನಿಗೆ ಕಾಂಡ್ಲಾ (ಮ್ಯಾಂಗ್ರೋವ್) ಬಂದರೆ ಸಂರಕ್ಷಣೆಯ ಲೆಕ್ಕಪುಸ್ತಕದಲ್ಲಿ ಅದು ಲಾಭ. ಕಾಂಡ್ಲಾ ಬೇಡವೆನ್ನುವಷ್ಟು ದಡ್ಡತನ ನನಗಿಲ್ಲ. ದಡ ಕಾಯುವುದಕ್ಕೂ ಮೀನು ಮರಿ ಮಾಡುವುದಕ್ಕೂ ಅದು ಬೇಕೇ ಬೇಕು. ಆದರೆ ಒಂದು ಗಜನಿ ಬೀಳುಬಿದ್ದಾಗ ಉಪ್ಪು ತಡೆಯುವ ಒಂದು ತಳಿಯ ಬಿತ್ತನೆ ಹೋಯಿತು, ಸಿಗಡಿಗೆ ಕೂಳೆಯ ಮೇವು ಹೋಯಿತು, ನೀರಿನ ಕಾಲ ಬಲ್ಲ ಒಂದು ತಲೆಮಾರು ಹೋಯಿತು ಎಂಬುದನ್ನು ಅದೇ ಪುಸ್ತಕದ ನಷ್ಟದ ಕಾಲಂನಲ್ಲಿ ಯಾರಾದರೂ ಬರೆಯಬೇಡವೇ? ಕಗ್ಗದ ಬೀಜವನ್ನು ಶೀತಲಗೃಹದಲ್ಲಿ ಇಟ್ಟು ಬದುಕಿಸಿದೆವು ಅಂತ ಹೇಳಿಕೊಳ್ಳಬಹುದು. ಕಡಲು ಮೇಲೇರುತ್ತಿರುವ ಕಾಲದಲ್ಲಿ ಆ ಬೀಜ ಬೇಕಾಗುವುದು ಗದ್ದೆಗೆ, ಪ್ರತಿ ವರ್ಷ, ಬಿತ್ತಿ ಗೊತ್ತಿರುವವರ ಕೈಯಲ್ಲಿ.

ಕೇರಳದವರು ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಇದ್ದಾರೆ. ಅವರ 2008ರ ಕಾಯ್ದೆ ಭತ್ತದ ಗದ್ದೆಯನ್ನೂ ಜೌಗನ್ನೂ ಒಂದೇ ಕಾನೂನಿನಡಿ ತಂದು ಕಾಪಾಡುತ್ತದೆ, ಪಂಚಾಯತಿ ಮಟ್ಟದಲ್ಲಿ ರೈತ ಪ್ರತಿನಿಧಿಗಳಿರುವ ಸಮಿತಿ ಮಾಡುತ್ತದೆ. ಕೊಚ್ಚಿ ಸುತ್ತಲಿನ, ನಮ್ಮ ಗಜನಿಯಂಥದ್ದೇ ಆದ ಪೊಕ್ಕಾಳಿ ಗದ್ದೆಗಳಲ್ಲಿ ಸಿಗಡಿ ಹಿಡಿಯುವ ಪರವಾನಗಿಗೆ ತಾರೀಕು ನಿಗದಿಯಾಗಿದೆ: ನವೆಂಬರ್ 15ರಿಂದ ಏಪ್ರಿಲ್ 14ರವರೆಗೆ. ಉಳಿದ ಕಾಲ ಭತ್ತಕ್ಕೆ. ನನ್ನ ಮಟ್ಟಿಗೆ ಇದು ಗಡಿಕಲ್ಲಿಗಿಂತ ಬುದ್ಧಿವಂತ ಕಾನೂನು. ಅಲ್ಲೂ ತಾರೀಕು ಮೀರಿ ಉಪ್ಪುನೀರು ಹಿಡಿದಿಡುವವರಿದ್ದಾರೆ, ಅದರ ವಿರುದ್ಧ ಭತ್ತದ ರೈತರು ಹೋರಾಡುತ್ತಲೇ ಇದ್ದಾರೆ. ಆದರೆ ತಾರೀಕು ಇರುವುದರಿಂದಲೇ ಇಂಥದ್ದು ತಪ್ಪು ಅಂತ ಬೆರಳು ಮಾಡಿ ತೋರಿಸಲು ಅವರಿಗೆ ಸಾಧ್ಯವಾಗಿದೆ. ಅದೇ ಕೇರಳದ ಕುಟ್ಟನಾಡಿನಲ್ಲಿ 1976ರಲ್ಲಿ ಶುರುವಾದ ತಣ್ಣೀರ್‌ಮುಕ್ಕಂ ಅಡ್ಡಗಟ್ಟೆ ಬೇರೆಯ ಪಾಠ ಹೇಳುತ್ತದೆ. ಬೇಸಿಗೆ ಭತ್ತಕ್ಕಾಗಿ ತಿಂಗಳುಗಟ್ಟಲೆ ಬಾಗಿಲು ಮುಚ್ಚಿ ಉಪ್ಪುನೀರು ತಡೆದದ್ದರಿಂದ ವೇಂಬನಾಡು ಸರೋವರದ ನೀರು ನಿಂತು ಕಳೆ ಬೆಳೆಯಿತು, ಮೀನುಗಾರರ ಹೊಟ್ಟೆಗೆ ಕುತ್ತು ಬಂತು. ಬಾಗಿಲು ಯಾವಾಗ ತೆರೆಯಬೇಕು ಎಂಬ ಜಗಳ ಅಲ್ಲಿ ವರ್ಷವರ್ಷವೂ ಇದೆ. ನೀರಿನ ತಾರೀಕನ್ನು ಒಬ್ಬರ ಅನುಕೂಲಕ್ಕೆ ಬಿಟ್ಟರೆ ಆಗುವುದು ಅದು.

ಇಲ್ಲಿ ರೈತ ನಾಯಕರ ಕಡೆಗೂ ಒಂದು ಮಾತು. ಗೆರೆ ಎಳೆಯುವವರು ಅರಣ್ಯ ಇಲಾಖೆಯವರು ಮಾತ್ರ ಅಂತ ಅವರು ತಿಳಿದಿದ್ದರೆ ತಪ್ಪು. ‘ನೀರು ರೈತನಿಗೆ, ಹಕ್ಕಿಗಲ್ಲ’ ಎನ್ನುವುದೂ ಅದೇ ಗೆರೆ, ಇನ್ನೊಂದು ಬದಿಯಿಂದ ಎಳೆದದ್ದು. ಹೂಳೆತ್ತುವ ಹೆಸರಿನಲ್ಲಿ ಬಯಲುಸೀಮೆಯ ಕೆರೆಗಳಿಗೆ ಜೆಸಿಬಿ ಇಳಿಸಿ, ಅಂಚಿನಿಂದ ಏರಿಯ ತನಕ ಒಂದೇ ಆಳಕ್ಕೆ ಕೊರೆದು, ದಂಡೆ ನೆಟ್ಟಗೆ ನಿಲ್ಲಿಸಿ, ನೀರಿನ ಸಂಗ್ರಹ ಇಷ್ಟು ಹೆಚ್ಚಿತು ಅಂತ ಫಲಕ ಹಾಕುವುದು ಅದರ ಫಲ. ಹಿಂದೆ ರೈತರು ಬೇಸಿಗೆಯಲ್ಲಿ ಗಾಡಿ ಕಟ್ಟಿ ಕೆರೆಗೋಡು ಹೊಡೆದುಕೊಂಡು ಹೊಲಕ್ಕೆ ಹಾಕುತ್ತಿದ್ದರು. ವರ್ಷಕ್ಕಿಷ್ಟು ಹೋಗುತ್ತಿತ್ತು, ಕೆರೆಯ ಇಳಿಜಾರು ಹಾಗೇ ಇರುತ್ತಿತ್ತು. ಆ ಇಳಿಜಾರಿನ ಮೊಣಕಾಲುದ್ದ ನೀರಿನಲ್ಲೇ ಕೊಕ್ಕರೆ ನಿಲ್ಲುವುದು, ಮೀನು ಮೊಟ್ಟೆ ಇಡುವುದು, ದನ ನೀರು ಕುಡಿಯುವುದು. ನೆಟ್ಟಗಿನ ದಂಡೆಯಲ್ಲಿ ದನವೂ ಇಳಿಯಲಾರದು, ಹಕ್ಕಿಯೂ ನಿಲ್ಲಲಾರದು.

ಗೆರೆಯ ಪರವಾಗಿ ಇರುವ ಗಟ್ಟಿ ವಾದವನ್ನು ಮುಚ್ಚಿಡುವುದು ಸರಿಯಲ್ಲ. ಅವರು ಹೇಳುವುದು ಇಷ್ಟು: ನೀವು ಹೇಳುವ ಕಗ್ಗದ ರೈತ, ಗಾಡಿ ಕಟ್ಟುವ ರೈತ ಈಗೆಲ್ಲಿದ್ದಾನೆ? ಈಗಿರುವುದು ಯೂರಿಯಾ ಸುರಿಯುವವನು, ಕೀಟನಾಶಕ ಹೊಡೆಯುವವನು, ಕೆರೆಯಂಗಳ ಒತ್ತುವರಿ ಮಾಡುವವನು, ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಡುವವನು. ಇವನನ್ನು ದೂರ ಇಡದೆ ಜೌಗು ಉಳಿಯುವುದು ಹೇಗೆ? ಆರೋಪಗಳೆಲ್ಲ ನಿಜ. ಒತ್ತುವರಿ ಮಾಡಿದವನ ಪರ ನಾನು ವಕಾಲತ್ತು ವಹಿಸುವುದಿಲ್ಲ, ಅವನನ್ನು ತೆರವು ಮಾಡಿಸಲೇಬೇಕು. ಆದರೆ ಉಳಿದ ಆರೋಪಗಳನ್ನೇ ಹಿಡಿದು ನೋಡಿ. ಕೆರೆಯ ಸುತ್ತ ಮೂವತ್ತು ಮೀಟರ್ ಬಫರ್ ಬಿಡಿ ಎಂದಿತ್ತು ನಮ್ಮ 2014ರ ಕೆರೆ ಸಂರಕ್ಷಣಾ ಪ್ರಾಧಿಕಾರದ ಕಾಯ್ದೆ. ಕಟ್ಟಡ ತಡೆಯಲು ಅದು ಬೇಕು. ಯೂರಿಯಾ ಮೂವತ್ತು ಮೀಟರಿಗೆ ನಿಂತೀತೆ? ಮೂರು ಊರಿನ ಹೊಲ ತೊಳೆದ ಮಳೆನೀರು ಹಳ್ಳ ಹಿಡಿದು ಕೆರೆಗೇ ಬರುತ್ತದೆ. ರೈತನಿಂದ ಕೆರೆಗೆ ಬರುವ ದೊಡ್ಡ ಕೇಡೆಲ್ಲ ನೀರಿನ ದಾರಿಯಲ್ಲಿ ಬರುವಂಥದ್ದು. ಗೆರೆ ಅದನ್ನು ಮುಟ್ಟುವುದೂ ಇಲ್ಲ. ಅಂದಮೇಲೆ ಗೆರೆಯವರ ಅತ್ಯುತ್ತಮ ಸಾಕ್ಷ್ಯ ಗೆರೆಯ ವಿರುದ್ಧವೇ ನಿಲ್ಲುತ್ತದೆ. 2017ರ ನಿಯಮಗಳಲ್ಲೇ ‘ಪ್ರಭಾವ ವಲಯ’ ಎಂಬ ಒಳ್ಳೆಯ ಕಲ್ಪನೆ ಇದೆ: ಜೌಗಿಗೆ ನೀರು ಹರಿದುಬರುವ ಜಾಗದಲ್ಲಿ, ಎಲ್ಲಿನ ಚಟುವಟಿಕೆಯಿಂದ ಜೌಗಿಗೆ ಕೇಡಾಗುತ್ತದೋ ಆ ಭಾಗವನ್ನು ಗಮನದಲ್ಲಿಡುವುದು. ಆ ಜಾಗದಲ್ಲಿ ಕೆಲಸ ಮಾಡುವುದೆಂದರೆ ಸಾವಿರ ರೈತರ ಜೊತೆ ಬೆಳೆ, ಗೊಬ್ಬರ, ಬದುಗಳ ಬಗ್ಗೆ ಮಾತಾಡುವುದು. ಅದಕ್ಕಿಂತ ಗಡಿಕಲ್ಲು ನೆಡುವುದು ಸುಲಭ.

ಅಡಿಕೆಯ ವಿಷಯ ಬೇರೆ. ಮಲೆನಾಡಿನಲ್ಲಿ ಗದ್ದೆ ಬಸಿದು ತೋಟ ಮಾಡುವುದನ್ನು ನಾವು ‘ಕೃಷಿಯಿಂದ ಕೃಷಿಗೆ’ ಬದಲಾವಣೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಭೂಪರಿವರ್ತನೆಯ ಅರ್ಜಿ ಬೇಡ, ಯಾರ ಅನುಮತಿಯೂ ಬೇಡ. ಕಪ್ಪೆ, ಏಡಿ, ಮೀನು, ಅಂತರ್ಜಲ ಎಲ್ಲಕ್ಕೂ ನೀರು ನಿಲ್ಲಿಸಿಕೊಡುತ್ತಿದ್ದ ಗದ್ದೆ ಬಯಲು ಕಣ್ಮುಂದೆ ಒಣಗುತ್ತದೆ, ದಾಖಲೆಯಲ್ಲಿ ಏನೂ ಬದಲಾಗಿರುವುದಿಲ್ಲ. ಗೆರೆಯ ಕಣ್ಣಿಗೆ ಕಾಣುವುದು ಕೃಷಿ ವಲಯ. ಅದರೊಳಗೆ ಜೌಗು ಸತ್ತದ್ದು ಕಾಣುವುದಿಲ್ಲ.

ಹಾಗಂತ ಎಲ್ಲ ಜೌಗಿಗೂ ರೈತ ಬೇಕೇ ಬೇಕು ಅಂತ ನಾನು ಹೇಳಿದರೆ ನಾನೂ ಒಂದು ಗೆರೆ ಎಳೆದಂತಾದೀತು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ ಉಳಿದಿರುವ ರಾಂಪತ್ರೆ ಜಡ್ಡಿಗಳಿವೆ. ಕಾಡಿನ ಕಣಿವೆಯ ತಳದಲ್ಲಿ ವರ್ಷಪೂರ್ತಿ ತೇವವಿರುವ, ಮರದ ಬೇರುಗಳು ಕೆಸರಿನಿಂದ ಮೇಲೆದ್ದು ಉಸಿರಾಡುವ ಅತಿ ಪುರಾತನ ಜೌಗುಗಳು. ಇಂಥ ಜಡ್ಡಿಗಳಲ್ಲಿ ಬಹಳಷ್ಟು ಹಿಂದೆಯೇ ಗದ್ದೆ, ತೋಟಗಳಾಗಿ ಹೋಗಿವೆ. ಉಳಿದ ತುಣುಕುಗಳಿಗೆ ಗುದ್ದಲಿ ತಾಗಬಾರದು, ನೀರು ಬಸಿಯಬಾರದು, ಅಷ್ಟೇ. ಅಲ್ಲಿ ಸಮತೋಲನದ ಮಾತೇ ಅಪಾಯ, ಏಕೆಂದರೆ ಸಮತೋಲನದ ಹೆಸರಿನಲ್ಲಿ ಅರ್ಧ ಜಡ್ಡಿ ಬಿಟ್ಟುಕೊಟ್ಟರೆ ಉಳಿದರ್ಧವೂ ಒಣಗುತ್ತದೆ. ಜಡ್ಡಿಯನ್ನೂ ಗಜನಿಯನ್ನೂ ಅಂಕಸಮುದ್ರವನ್ನೂ ಒಂದೇ ಹೆಸರಿನಡಿ ತಂದು ಒಂದೇ ಸೂತ್ರ ಹೇರುವುದೇ ಇಡೀ ಗೊಂದಲದ ಮೂಲ. ಜಡ್ಡಿಗೆ ಬೇಕಾದದ್ದು ಮನುಷ್ಯ ದೂರವಿರುವುದು. ಗಜನಿಗೆ ಬೇಕಾದದ್ದು ಮನುಷ್ಯ ಸರಿಯಾದ ಹೊತ್ತಿಗೆ ಬರುವುದು.

ಹಾಗಾದರೆ ಗ್ರಾಮೀಣ ಭೂಯೋಜನೆ ಮಾಡುವವರು ಏನು ಮಾಡಬೇಕು? ದುಡ್ಡಿನ ಮಾತಿನಿಂದ ಶುರು ಮಾಡಲಿ. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿಯ ಕೆಲಸ ವಂಶಪಾರಂಪರ್ಯದ್ದಾಗಿತ್ತು, ಜಾತಿಗೆ ಕಟ್ಟಿಹಾಕಿದ ಚಾಕರಿಯಾಗಿತ್ತು. ಹಳ್ಳಿ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಬರಲೇಬೇಕಿತ್ತು, ಅದಕ್ಕೆ ಅಳುವವನು ನಾನಲ್ಲ. ಆದರೆ ಚಾಕರಿ ಹೋದ ಜಾಗಕ್ಕೆ ಸಂಬಳದ ಕೆಲಸ ಬರಲಿಲ್ಲ. ಇವತ್ತು ಪಂಚಾಯತಿಯ ನೀರಗಂಟಿ ಎಂದರೆ ನಲ್ಲಿ ನೀರು ಬಿಡುವವರು; ಕೆರೆಯ ತೂಬಿಗೆ ಹೆಚ್ಚಿನ ಊರುಗಳಲ್ಲಿ ಯಾರೂ ಇಲ್ಲ. ಕೋಟಿಗಟ್ಟಲೆ ಸುರಿದು ಕೆರೆ ಅಭಿವೃದ್ಧಿ ಮಾಡುವ ಸರ್ಕಾರಕ್ಕೆ ತೂಬಿಗೊಬ್ಬ ಮನುಷ್ಯನನ್ನು ಇಡಲು ಲೆಕ್ಕಶೀರ್ಷಿಕೆ ಸಿಗುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಮರಗಳಿರುವುದು ಊರೊಳಗೆ, ಜನರ ಹಿತ್ತಿಲಲ್ಲಿ. ಹುಣಸೆ ಫಸಲು ಕೈತಪ್ಪುವ ಮಾಲೀಕರಿಗೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುವ ಏರ್ಪಾಡು ಅಲ್ಲಿದೆ. ಮೊತ್ತ ಸಣ್ಣದು, ತತ್ವ ಸರಿ. ಹೆಬ್ಬಾತು ಮೇಯುವ ಹೊಲದವನಿಗೂ, ಮಳೆ ಶುರುವಾಗುವ ಮುಂಚೆ ಹಲಗೆ ಹಾಕಿ ಸಿಗಡಿಯ ದುಡ್ಡು ಬಿಟ್ಟುಕೊಡುವ ಗಜನಿಯವನಿಗೂ ಅದೇ ತತ್ವ ಯಾಕೆ ಅನ್ವಯವಾಗಬಾರದು? ಅದು ದಾನವಲ್ಲ, ಮಾಡಿದ ಕೆಲಸಕ್ಕೆ ಕೂಲಿ.

ಅಘನಾಶಿನಿ ಪಟ್ಟಿಗೆ ಸೇರಿಯಾಯಿತು. ಅದರ ನಿರ್ವಹಣೆಗೆ ಯೋಜನೆ ಬರೆಯುವವರು ಗಡಿಯ ಅಕ್ಷಾಂಶ ರೇಖಾಂಶಗಳನ್ನು ಆಮೇಲೆ ಬರೆಯಲಿ. ಮೊದಲ ಪುಟದಲ್ಲಿ ಒಂದು ಕೋಷ್ಟಕ ಇರಲಿ: ಯಾವ ಗಜನಿಯ ಹಲಗೆ ಯಾವ ತಾರೀಕಿಗೆ ಬೀಳಬೇಕು, ಯಾವ ತಾರೀಕಿಗೆ ಏಳಬೇಕು, ಒಡ್ಡಿನ ಬಿರುಕಿಗೆ ಮಣ್ಣು ಹಾಕಿಸುವವರು ಯಾರು, ಅವರ ಕೂಲಿ ಯಾವ ಲೆಕ್ಕದಿಂದ. ಗುತ್ತಿಗೆದಾರ ಮೇ ತಿಂಗಳು ಮುಗಿದರೂ ಹಲಗೆ ಹಾಕಲು ಒಪ್ಪದಿದ್ದರೆ ಊರವರು ದೂರು ಕೊಡಬೇಕಾದ ಕಚೇರಿ ಯಾವುದು, ಆ ಕಚೇರಿ ಎಷ್ಟು ದಿನದೊಳಗೆ ಬಂದು ಹಲಗೆ ಹಾಕಿಸಬೇಕು ಎನ್ನುವುದನ್ನೂ ಅದೇ ಕೋಷ್ಟಕದಲ್ಲಿ ಬರೆದು ಪಂಚಾಯತಿಯ ಗೋಡೆಗೆ ಅಂಟಿಸಲಿ.